ಕಲಗಚ್ಚಿನ ಬಕೆಟ್ಟು ವಿಮಾನ ಹತ್ತಿದ್ದು

ಬಂಗಾರಪೇಟೆ ಜಂಕ್ಷನ್

ಪರದೇಶಕ್ಕೆ ಹೊರಟವರನ್ನು ಹಾರ ಹಾಕಿ ಕಳಿಸುವುದು ವಾಡಿಕೆ. ನನ್ನನ್ನು ನಮ್ಮ ಬೀದಿಯ ಮುನಿಯಕ್ಕ ಬೈದು ಕಳಿಸಿದಳು.

ಅದು ತೊಂಬತ್ತರ ದಶಕದ ಆರಂಭದ ಒಂದು ಬೇಸಿಗೆ ರಜೆ. ಬಂಗಾರಪೇಟೆಯ ಶಾಲೆಯೊಂದರಲ್ಲಿ ಸಮಾಜ ಪಾಠ ಹೇಳಿಕೊಂಡಿದ್ದ ನಾನು ಜರ್ಮನಿಗೆ ಹೊರಟು, ಪ್ಲಾಟ್‌ಫಾರಮ್ಮಿನಲ್ಲಿ ಮದ್ರಾಸಿನ ರೈಲಿಗೆ ಕಾಯುತ್ತಾ ನಿಂತಿದ್ದೆ. ನನ್ನ ಯಜಮಾನರು ರೈಲ್ವೆಯ ಪಾರ್ಸೆಲ್ ಆಫೀಸಿನವರು. ಪೆಟ್ಟಿಗೆಗೆ ಗೋಣಿ ಸುತ್ತಿ, ಹಗ್ಗ ಬಿಗಿದು, ವಿಳಾಸ ಬರೆದು ಮುಗಿಸಿದ ಮೇಲೆ ನನ್ನನ್ನೂ ಒಮ್ಮೆ ಮೇಲಿಂದ ಕೆಳಗೆ ನೋಡಿ, "ನಿನಗೂ ಒಂದು ಚೀಟಿ ಅಂಟಿಸಿಬಿಟ್ಟಿದ್ರೆ ನಂಗೆ ಧೈರ್ಯ ಇರ್ತಿತ್ತು" ಅಂದರು.

ಅಷ್ಟರಲ್ಲಿ ಮುನಿಯಕ್ಕ ಸೆರಗಿನಲ್ಲಿ ಮುಖ ಒರೆಸುತ್ತಾ ಬಂದಳು.

"ಟೀಚರಮ್ಮ, ಅಲ್ಲಿಗ್ ಓಗಿ ಬರೀ ಪೋಟ ತೆಗಿಸ್ಕೊಂಡು ಬಂದೀಯ, ನೋಡು. ಅಲ್ಲಿ ಜನ ಕಸ ಏನ್ ಮಾಡ್ತಾರೆ ಅಂತ ಸರ್‍ಯಾಗಿ ತಿಳ್ಕೊಂಡು ಬಾ. ನೀನು ಬರಾಗಂಟ ಗೌರೀನ ಕಟ್ಟಾಕಿರ್ತೀನಿ. ಬಂದು ಏನೂ ಇಲ್ಲ ಅಂದ್ಯೋ, ಸಂತೆಗೆ ಒಡ್ಕೊಂಡು ಓತೀನಿ. ಇನ್ನೊಂದು ಎಣ ಎತ್ತಾಕೆ ನನ್ ಕೈಲಿ ಆಗಲ್ಲ."

ಗೌರಿ ಅವಳ ಕಡಸು. ಗೌರಿಯ ತಾಯಿ ಆ ವರ್ಷದ ಸಂಕ್ರಾಂತಿಯ ಹೊತ್ತಿಗೆ ಹೊಟ್ಟೆ ಉಬ್ಬರಿಸಿಕೊಂಡು ಸತ್ತಿತ್ತು. ಪಶುವೈದ್ಯರು ಹೊಟ್ಟೆ ಕೊಯ್ದಾಗ ಒಳಗಿಂದ ಪ್ಲಾಸ್ಟಿಕ್ ಕವರುಗಳ ಒಂದು ಮುದ್ದೆ ಬಂತು. ನಮ್ಮ ಬೀದಿಯ ಮೂಲೆಯಲ್ಲಿ ಒಂದು ಕಸದ ಗುಡ್ಡೆ ಇತ್ತು. ಯಾರೋ ಬಂದು ಸುರಿದದ್ದಲ್ಲ, ನಾವೇ ಹಾಕಿದ್ದು. ಅಂಗಡಿಗಳಿಗೆ ತೆಳ್ಳನೆಯ ಕವರುಗಳು ಬಂದ ಮೇಲೆ ಸಿಪ್ಪೆ, ಉಳಿದ ಅನ್ನ ಎಲ್ಲವನ್ನೂ ಅದರಲ್ಲಿ ಗಂಟು ಕಟ್ಟಿ ಎಸೆಯುವುದು ಬೀದಿಗೆ ಅಭ್ಯಾಸವಾಯಿತು. ಒಳಗಿನ ಸಿಪ್ಪೆಯ ವಾಸನೆಗೆ ಹಸು ಗಂಟಿನ ಸಮೇತ ನುಂಗುತ್ತದೆ.

ಮುನಿಯಕ್ಕ ಆ ಮುದ್ದೆಯನ್ನು ಮಂಕರಿಯಲ್ಲಿ ಹೊತ್ತುಕೊಂಡು, ನನ್ನನ್ನೂ ಜೊತೆಗೆ ಎಳೆದುಕೊಂಡು ಹೋಗಿ, ಪುರಸಭೆಯ ಹೆಲ್ತ್ ಇನ್ಸ್‌ಪೆಕ್ಟರರ ಮೇಜಿನ ಮೇಲೆ ಇಟ್ಟಳು. ಅವರು ಒಳ್ಳೆಯ ಮನುಷ್ಯ. ಮೂಗು ಮುಚ್ಚಲಿಲ್ಲ. "ಗಾಡಿ ಕಳಿಸ್ತೀನಿ ಮೇಡಂ, ಇಲ್ಲ ಅನ್ನಲ್ಲ. ಆದ್ರೆ ಹಸಿ ಕಸ ಒಣ ಕಸ ಎಲ್ಲಾ ಕಲೆಸಿಟ್ರೆ ನನ್ನ ಹುಡುಗರು ಅದಕ್ಕೆ ಕೈ ಹಾಕೋದಾದ್ರೂ ಹೇಗೆ? ಮನೇಲೇ ಬೇರೆ ಮಾಡಿ ಕೊಡಿ. ಅದು ನಮ್ಮ ಜನದ ಕೈಲಿ ಆಗುತ್ತಾ, ಹೇಳಿ?" ಎಂದರು. ಆ ಪ್ರಶ್ನೆಗೆ ಉತ್ತರ ತರಲೆಂದೇ ಮುನಿಯಕ್ಕ ನನ್ನನ್ನು ವಿಮಾನ ಹತ್ತಿಸುತ್ತಿದ್ದಳು.

ಕರೆದವರು ಹಿಲ್ಡಾ. ನಾನು ಚಿಕ್ಕವಳಿದ್ದಾಗ ಕೆ.ಜಿ.ಎಫ್.ನ ಊರಿಗಾಂನಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದಿದೆ. ಅಲ್ಲಿಯ ಗಣಿ ಕಾರ್ಮಿಕರ ಸಾಲುಮನೆಗಳ ಲೈನುಗಳಲ್ಲಿ ಹೆರಿಗೆ ಮಾಡಿಸುತ್ತಿದ್ದ ಜರ್ಮನ್ ನರ್ಸಮ್ಮ ಅವರು. ಅತ್ತೆಯ ಮನೆಗೆ ದಿನಾ ಹಾಲಿಗೆ ಬರುತ್ತಿದ್ದರು. ತಮ್ಮ ದೇಶಕ್ಕೆ ಮರಳಿದ ಮೇಲೂ ಕ್ರಿಸ್‌ಮಸ್ಸಿಗೆ ತಪ್ಪದೆ ಕಾಗದ ಬರೆಯುತ್ತಿದ್ದರು. ನಮ್ಮ ಬೀದಿಯ ಕಸದ ಜಗಳವನ್ನು ನಾನು ಬರೆದರೆ, ತಮ್ಮ ಊರಲ್ಲೂ ಕಸದ್ದೇ ಜಗಳ ನಡೆಯುತ್ತಿದೆ, ಬಂದು ನೋಡು ಎಂದು ಅವರು ಬರೆದರು. ಆಮೇಲೆ ಆ ಜಗಳದಲ್ಲಿ ಅವರ ಕಡೆಯವರೆಲ್ಲ ಸೇರಿ ಟಿಕೆಟ್ಟನ್ನೇ ಕಳಿಸಿಬಿಟ್ಟರು.

ಹಿಲ್ಡಾ ಅವರ ಅಡುಗೆಮನೆ

ಮ್ಯೂನಿಕ್ಕಿನಿಂದ ಇನ್ನೊಂದು ರೈಲು ಹಿಡಿದು ಹೋಗಬೇಕಾದ ಸಣ್ಣ ಊರು. ಏಪ್ರಿಲ್ ಮುಗಿಯುತ್ತಾ ಬಂದಿದ್ದರೂ ಅಲ್ಲಿ ಬಾಯಿ ತೆರೆದರೆ ಹೊಗೆ ಬರುವಷ್ಟು ಚಳಿ. ಸೀರೆಯ ಮೇಲೆ ಯಜಮಾನರ ಸ್ವೆಟರು, ಅದರ ಮೇಲೆ ಶಾಲು, ತಲೆಗೆ ಮಫ್ಲರು ಸುತ್ತಿಕೊಂಡು ನಾನು ರೈಲಿನಿಂದ ಇಳಿದಾಗ ಪ್ಲಾಟ್‌ಫಾರಮ್ಮಿನ ಕೊನೆಯಿಂದ ಒಂದು ಕೂಗು ಬಂತು.

"ವಾಮ್ಮಾ! ಸಾಪ್ಟಿಯಾ?"

ಬಿಳೀ ಕೂದಲಿನ ಎತ್ತರದ ಹೆಂಗಸು ಊರಿಗಾಂನ ಲೈನಿನ ತಮಿಳಿನಲ್ಲಿ ಊಟ ಆಯಿತೇ ಎಂದು ಕೇಳುತ್ತಾ ಬರುತ್ತಿದ್ದರು. ಅವರಿಗೆ ಕನ್ನಡ ಬಾರದು, ನನಗೆ ಜರ್ಮನ್ ಬಾರದು, ಇಬ್ಬರ ಇಂಗ್ಲಿಷೂ ಕುಂಟು. ಆದರೆ ಕೆ.ಜಿ.ಎಫ್.ನಲ್ಲಿ ಒಂದಷ್ಟು ವರ್ಷ ಇದ್ದವರಿಗೆ ತಮಿಳು ಬಾರದೆ ಇರುತ್ತದೆಯೇ? ಅಷ್ಟು ದೂರ ಬಂದು ಮೊದಲು ಕಿವಿಗೆ ಬಿದ್ದದ್ದು ನಮ್ಮ ಕಡೆಯ ಮಾತು. ನಾನು ಪೆಟ್ಟಿಗೆಯ ಮೇಲೆ ಕೂತು ಅತ್ತೇಬಿಟ್ಟೆ.

ಹಿಲ್ಡಾ ಅವರ ತಮಿಳಿನ ಬಗ್ಗೆ ಒಂದು ಮಾತು ಹೇಳಬೇಕು. ಅದನ್ನು ಅವರು ಕಲಿತದ್ದು ಹೆರಿಗೆ ಕೋಣೆಯಲ್ಲಿ. ಹಾಗಾಗಿ ಅವರಿಗೆ ಚೆನ್ನಾಗಿ ಬರುತ್ತಿದ್ದದ್ದು 'ಭಯಪಡಾದೆ', 'ಮೂಚ್ಚು ವಿಡು', 'ಇನ್ನೊರು ತಡವೆ' ಇಂಥವೇ. ನಾನು ಅವರ ಮನೆಯ ಕಡಿದಾದ ಮೆಟ್ಟಿಲು ಹತ್ತುವಾಗಲೂ ಹಿಂದಿನಿಂದ, ಹೆದರಬೇಡ, ಉಸಿರು ಬಿಡು, ಇನ್ನೊಂದು ಸಲ ಎಂದು ಹೇಳುತ್ತಿದ್ದರು. ನಮ್ಮ ಮಾತುಕತೆಯೆಲ್ಲ ತಮಿಳಿನಲ್ಲೇ ನಡೆದರೂ ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ಅಡುಗೆಮನೆಯಲ್ಲಿ ಸಾಲಾಗಿ ನಾಲ್ಕು ಡಬ್ಬಗಳಿದ್ದವು. ಕಾಗದಕ್ಕೆ ಒಂದು, ಗಾಜಿಗೆ ಒಂದು, ತಗಡು ಮತ್ತು ಪ್ಲಾಸ್ಟಿಕ್ಕಿಗೆ ಒಂದು, ಸಿಪ್ಪೆಗೆ ಒಂದು. ಮೊದಲ ದಿನ ಟೀ ಕುಡಿದು ಮುಗಿಸಿ, ದಾರ ಕಟ್ಟಿದ ಆ ಪುಟ್ಟ ಚೀಲವನ್ನು ಹಿಡಿದುಕೊಂಡು ಡಬ್ಬಗಳ ಮುಂದೆ ನಿಂತೆ. ಹಿಲ್ಡಾ ಬಂದು, ಒಳಗಿನ ಟೀ ಸೊಪ್ಪನ್ನು ಒಂದಕ್ಕೆ, ದಾರದ ತುದಿಯ ಚೀಟಿಯನ್ನು ಒಂದಕ್ಕೆ, ಚೀಟಿಯನ್ನು ಹಿಡಿದಿದ್ದ ಸಣ್ಣ ಪಿನ್ನನ್ನು ಇನ್ನೊಂದಕ್ಕೆ ಹಾಕಿ ತೋರಿಸಿದರು. ಆಮೇಲೆ ಎರಡು ದಿನ ನಾನು ಟೀಯನ್ನೇ ಕೇಳಲಿಲ್ಲ.

ನಮ್ಮಲ್ಲೂ ಬೇರೆ ಮಾಡುವುದು ಇಲ್ಲವೆಂದಲ್ಲ. ಹಳೇ ಪೇಪರು, ಬಾಟಲಿ ಗುಜರಿಯವನಿಗೆ ಹೋಗುತ್ತದೆ. ಹಳೇ ಸೀರೆಗೆ ಸ್ಟೀಲು ಪಾತ್ರೆ ಕೊಡುವ ಹೆಂಗಸು ಬರುತ್ತಾಳೆ. ಒಲೆಯ ಬೂದಿ ಪಾತ್ರೆ ತಿಕ್ಕಲು, ಸಗಣಿ ತಿಪ್ಪೆಗೆ. ನಾವು ಅದಕ್ಕೆ ಹೆಸರು ಇಟ್ಟಿರಲಿಲ್ಲ, ಅಷ್ಟೇ. ಹಿಲ್ಡಾ ಅವರ ಊರಲ್ಲಿ ಹೆಸರೂ ಇತ್ತು, ಹೋರಾಟವೂ ಇತ್ತು. ಊರಾಚೆ ಕಸ ಸುಡುವ ದೊಡ್ಡ ಕಾರ್ಖಾನೆ ಕಟ್ಟುವ ಮಾತು ನಡೆದಿತ್ತು. ಸಿಪ್ಪೆಯನ್ನು ಬೇರೆ ಮಾಡಿ ರೈತರ ಗೊಬ್ಬರಕ್ಕೆ ಕೊಟ್ಟರೆ ಸುಡಲು ಉಳಿಯುವುದೇ ಸ್ವಲ್ಪ ಎಂದು ಹಿಲ್ಡಾ ಮತ್ತು ಅವರ ಜೊತೆಯವರು ಮನೆಮನೆಗೆ ಹೋಗಿ ಸಹಿ ಮಾಡಿಸುತ್ತಿದ್ದರು. ಸಿಪ್ಪೆ ಡಬ್ಬ ನಾರುತ್ತದೆ, ನೊಣ ಬರುತ್ತದೆ, ಸುಟ್ಟುಬಿಡುವುದೇ ಶುದ್ಧ ಎಂದು ಇನ್ನರ್ಧ ಊರಿನ ವಾದ.

ಭಾನುವಾರದ ಬಾಟಲಿಗಳು

ಉಂಡ ಮನೆಗೆ ಏನಾದರೂ ಕೆಲಸ ಮಾಡಿಕೊಡದೆ ಕೂತಿರಲು ನನಗೆ ಆಗುವುದಿಲ್ಲ. ಒಂದು ಭಾನುವಾರ ಬೆಳಿಗ್ಗೆ ಹಿಲ್ಡಾ ಚರ್ಚಿಗೆ ಹೋಗಿದ್ದರು. ಗಾಜಿನ ಡಬ್ಬ ತುಂಬಿತ್ತು. ಬೀದಿಯ ಕೊನೆಯಲ್ಲಿ ಬಾಟಲಿ ಹಾಕುವ ದೊಡ್ಡ ಕಬ್ಬಿಣದ ಪೆಟ್ಟಿಗೆ ಇರುವುದನ್ನು ನೋಡಿದ್ದೆ. ಚೀಲ ಹೊತ್ತುಕೊಂಡು ಹೋಗಿ, ಹಸಿರು ಗಾಜು ಹಸಿರು ತೂತಿಗೆ, ಬಿಳಿ ಗಾಜು ಬಿಳಿ ತೂತಿಗೆ ಎಂದು ಜಾಗ್ರತೆಯಾಗಿ ನೋಡಿ ನೋಡಿ ಹಾಕತೊಡಗಿದೆ. ಒಂದೊಂದು ಬಾಟಲಿಯೂ ಒಳಗೆ ಬಿದ್ದು ಢಣ್ ಎಂದು ಒಡೆಯುತ್ತಿತ್ತು. ತಪ್ಪಿಲ್ಲದೆ ಮಾಡುತ್ತಿದ್ದೇನೆ ಎಂಬ ಖುಷಿಯಲ್ಲಿ ನಾನಿದ್ದೆ.

ಎದುರಿನ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಆಮೇಲೆ ಹಿಲ್ಡಾ ಅವರ ಪಕ್ಕದ ಮನೆಯ ತಾತ ಚಪ್ಪಲಿ ಸಪ್ಪಳ ಮಾಡುತ್ತಾ ಬಂದು, ಮುಖ ಕೆಂಪಗೆ ಮಾಡಿಕೊಂಡು, ಕೈಗಡಿಯಾರ ತೋರಿಸಿ, ಆಕಾಶ ತೋರಿಸಿ, ನನಗೆ ಒಂದಕ್ಷರವೂ ತಿಳಿಯದ ಭಾಷೆಯಲ್ಲಿ ಬಹಳ ಹೊತ್ತು ಬೈದರು. ಉಳಿದ ಬಾಟಲಿಗಳನ್ನು ಚೀಲದಲ್ಲಿ ಹಾಗೇ ಹೊತ್ತುಕೊಂಡು ಮನೆಗೆ ಬಂದೆ.

"ಭಾನುವಾರ ಸದ್ದು ಮಾಡುವ ಹಾಗಿಲ್ಲಮ್ಮ. ಬಾಟಲಿ ಹಾಕುವುದೂ ಇಲ್ಲ," ಎಂದರು ಹಿಲ್ಡಾ. ನಗು ತಡೆದುಕೊಳ್ಳುತ್ತಿದ್ದದ್ದು ನನಗೆ ಕಾಣುತ್ತಿತ್ತು.

ನಮ್ಮ ಬೀದಿಯಲ್ಲಿ ಭಾನುವಾರವೆಂದರೆ ಯಾರದ್ದೋ ಮಗುವಿಗೆ ಕಿವಿ ಚುಚ್ಚುವ ಶಾಸ್ತ್ರ, ಬೆಳಗಾಗುವ ಮೊದಲೇ ಮೈಕ್‌ಸೆಟ್ಟು. ಇಲ್ಲಿ ಕಸ ಹಾಕುವುದಕ್ಕೂ ಮುಹೂರ್ತ ನೋಡಬೇಕಲ್ಲ ಎಂದು ನನಗೆ ಉರಿದುಹೋಯಿತು. ಆ ತಾತನ ಹೆಸರು ವೇಬರ್. ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದು ನಿವೃತ್ತರಾದವರು. ಕಾರ್ಖಾನೆ ಬರಲಿ ಎಂದು ಸಹಿ ಹಾಕಿದವರಲ್ಲಿ ಅವರೂ ಒಬ್ಬರು. ಅಂದಿನಿಂದ ಹಿಲ್ಡಾ ಅವರಿಗೂ ಅವರಿಗೂ ಮಾತಿಲ್ಲ ಎಂದು ಕೇಳಿದಾಗ ನನಗೆ ಒಳಗೊಳಗೇ ಸಮಾಧಾನವಾಯಿತು.

ಪಕ್ಕದ ಮನೆಯ ಕೋಳಿಗಳು

ಅದಾದ ಒಂದೆರಡು ದಿನಕ್ಕೆ ಹಿಲ್ಡಾ ಅವರ ಮನೆಯಲ್ಲಿ ಒಂದು ವಾಸನೆ ಶುರುವಾಯಿತು. ಇಲಿ ಸತ್ತಿದೆಯೆಂದು ಅವರು ಕಪಾಟಿನ ಹಿಂದೆ, ಮಂಚದ ಕೆಳಗೆ ಹುಡುಕಿದರು. ನಾನೂ ಜೊತೆಗೆ ಹುಡುಕಿದೆ. ಕೊನೆಗೆ ಹಿತ್ತಿಲ ಬಾಗಿಲ ಮೂಲೆಯಿಂದ ಹಿಲ್ಡಾ ಒಂದು ಪಾತ್ರೆಯನ್ನು ಕೈ ದೂರ ಚಾಚಿಕೊಂಡು ತಂದರು. ಅಕ್ಕಿ ತೊಳೆದ ನೀರು, ಆಲೂಗಡ್ಡೆ ಸಿಪ್ಪೆ, ಕೋಸಿನ ದಂಟು, ಬ್ರೆಡ್ಡಿನ ಅಂಚು ಎಲ್ಲ ಸೇರಿ ಹುಳಿ ಬಂದಿತ್ತು.

"ಇದು ಯಾರಿಗೆ?" ಎಂದು ಕೇಳಿದರು.

"ಹಸುವಿಗೆ," ಎಂದೆ.

ಹೇಳಿದ ಮೇಲೆ ನನಗೇ ತಿಳಿಯಿತು. ನಾನು ಬಂದ ದಿನದಿಂದ ಕಲಗಚ್ಚು ಕೂಡಿಡುತ್ತಿದ್ದೆ. ಅಡುಗೆಗೆ ನಿಂತರೆ ಕೈ ತಾನಾಗಿ ಮೂಲೆಯ ಪಾತ್ರೆಗೆ ಹೋಗುತ್ತದೆ. ಅಮ್ಮ ಹಾಗೆ ಮಾಡುತ್ತಿದ್ದಳು, ಅತ್ತೆ ಹಾಗೆ ಮಾಡುತ್ತಿದ್ದಳು, ನಾನೂ ಹಾಗೆ. ಹಸು ಇರುವ ಮನೆಯವರು ಬಂದು ಸುರಿದುಕೊಂಡು ಹೋಗುತ್ತಾರೆ. ಇಲ್ಲಿ ಹಸುವೂ ಇಲ್ಲ, ಸುರಿದುಕೊಳ್ಳಲು ಬರುವ ಮುನಿಯಕ್ಕನೂ ಇಲ್ಲ ಎಂಬುದು ನನ್ನ ಕೈಗೆ ಗೊತ್ತಾಗಿರಲಿಲ್ಲ.

ಹಿಲ್ಡಾ ಮೆಟ್ಟಿಲ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗುತ್ತಾ ನಗುತ್ತಾ, "ಕಳನಿ," ಎಂದರು, ಕಲಗಚ್ಚಿನ ತಮಿಳು ಹೆಸರು. ಊರಿಗಾಂನ ಲೈನುಗಳಲ್ಲಿ ಸಂಜೆ ಹೊತ್ತು ಬಕೆಟ್ಟು ಹಿಡಿದು 'ಕಳನಿ ಕೊಡಿ' ಎಂದು ಬಾಗಿಲಿಂದ ಬಾಗಿಲಿಗೆ ಹೋಗುತ್ತಿದ್ದ ಹೆಂಗಸರು ಅವರಿಗೆ ನೆನಪಾದರು. ಆಮೇಲೆ ಕಣ್ಣೊರೆಸಿಕೊಂಡು ಪಾತ್ರೆಯನ್ನು ನನ್ನ ಕೈಗೆ ಕೊಟ್ಟರು. "ಹಸು ಇಲ್ಲಮ್ಮ. ಆದರೆ ವೇಬರ್ ಮನೆಯಲ್ಲಿ ಕೋಳಿ ಇವೆ. ನಾನು ಹೋಗುವುದಿಲ್ಲ. ನೀನು ಹೋಗು."

ಹಳೆಯದನ್ನು ಚೆಲ್ಲಿ, ಮಾರನೆಯ ದಿನ ಹೊಸ ಸಿಪ್ಪೆ ತೆಗೆದುಕೊಂಡು ಬೇಲಿಯ ಹತ್ತಿರ ಹೋದೆ. ವೇಬರ್ ಪಾತ್ರೆಯೊಳಗೆ ಇಣುಕಿದರು, ನನ್ನನ್ನು ನೋಡಿದರು, ಒಯ್ದು ಕೋಳಿಗಳಿಗೆ ಸುರಿದರು. ಸಂಜೆ ಪಾತ್ರೆ ವಾಪಸು ಬಂತು, ತೊಳೆದು ಒರೆಸಿ ಫಳಫಳ ಹೊಳೆಯುತ್ತಿತ್ತು. ಒಳಗೆ ಏನೂ ಇರಲಿಲ್ಲ. ನನಗೆ ಪಿಚ್ಚೆನಿಸಿತು. ನಮ್ಮ ಕಡೆ ನೆರೆಮನೆಯ ಪಾತ್ರೆಯನ್ನು ಬರಿದಾಗಿ ಹಿಂದಕ್ಕೆ ಕೊಡುವುದಿಲ್ಲ. ಒಂದು ಹಿಡಿ ಸಕ್ಕರೆ, ನಾಲ್ಕು ಅವರೆಕಾಯಿ, ಏನೂ ಇಲ್ಲದಿದ್ದರೆ ಒಂದು ಎಸಳು ಕರಿಬೇವಾದರೂ ಹಾಕುತ್ತೇವೆ. ಕಲಗಚ್ಚು ಕೊಟ್ಟವರನ್ನು ಮುನಿಯಕ್ಕ ಮರೆಯುತ್ತಿರಲಿಲ್ಲ. ಹಸು ಈದಾಗ ಕೊಟ್ಟ ಪ್ರತಿ ಮನೆಗೂ ಗಿಣ್ಣು ಬರುತ್ತಿತ್ತು.

ಇನ್ನೊಂದು ದಿನ ಪಾತ್ರೆ ಸುರಿಯದೆ, ಕೊಟ್ಟ ಹಾಗೆಯೇ ವಾಪಸು ಬಂತು. ಮುಚ್ಚಳದ ಮೇಲೆ ಬ್ರೆಡ್ಡಿನ ಪೊಟ್ಟಣದ ಬಾಯಿಗೆ ಹಾಕುವ ಒಂದು ಸಣ್ಣ ಪ್ಲಾಸ್ಟಿಕ್ ಕ್ಲಿಪ್ಪು ಇಟ್ಟಿತ್ತು. ಸಿಪ್ಪೆಯ ಜೊತೆ ನನ್ನ ಕೈಯಿಂದಲೇ ಬಿದ್ದಿರಬೇಕು. ವೇಬರ್ ಒಂದು ಮಾತೂ ಆಡಲಿಲ್ಲ. ಪಾತ್ರೆ ಬೇಲಿಯ ಮೇಲಿಟ್ಟು ಒಳಗೆ ಹೋದರು. ಭಾನುವಾರ ಅಷ್ಟು ಬೈದ ಮನುಷ್ಯ ಇವತ್ತು ಬೈದಿದ್ದರೆ ನಾನೂ ಮನಸ್ಸಿನಲ್ಲೇ ಬೈದುಕೊಂಡು ಸುಮ್ಮನಾಗುತ್ತಿದ್ದೆ. ಬೈಯದೆ ಹೋದದ್ದರಿಂದ ಪಾತ್ರೆಯನ್ನೆಲ್ಲ ಪೇಪರಿನ ಮೇಲೆ ಸುರಿದು, ಇನ್ನೇನಾದರೂ ಇದೆಯೇ ಎಂದು ಒಂದೊಂದು ಸಿಪ್ಪೆಯನ್ನೂ ಎತ್ತಿ ನೋಡಿ, ಮತ್ತೆ ತೆಗೆದುಕೊಂಡು ಹೋದೆ. ಅವರು ತಲೆಯಾಡಿಸಿ ಇಸಿದುಕೊಂಡರು.

ಆ ಸಿಪ್ಪೆಗಳ ಮುಂದೆ ಕೂತಿದ್ದಾಗ ನನಗೆ ನಮ್ಮ ಬೀದಿ ಕಣ್ಣಿಗೆ ಬಂತು. ನಮ್ಮಲ್ಲಿ ಕಲಗಚ್ಚು ಕೊಡುವುದು ನಿಂತದ್ದು ಯಾಕೆ? ಹಸು ಸತ್ತ ಮೇಲೆ ಮುನಿಯಕ್ಕ ಗೌರಿಗೆಂದು ಕಲಗಚ್ಚು ಕೇಳಲು ಹೋಗಿ, ಒಂದು ಚೂರು ಕವರು ಕಂಡರೂ ಪ್ರತಿ ಬಾಗಿಲಲ್ಲೂ ರೈಲ್ವೆ ಗೇಟಿನವರೆಗೆ ಕೇಳಿಸುವ ಹಾಗೆ ಕೂಗಾಡಿದಳು. ಧರ್ಮಕ್ಕೆ ಕೊಟ್ಟು ಬೈಸಿಕೊಳ್ಳುವುದು ಯಾಕೆಂದು ಉಳಿದಿದ್ದ ನಾಲ್ಕು ಮನೆಯವರೂ ಕೊಡುವುದು ಬಿಟ್ಟು, ಕವರಿನಲ್ಲಿ ಗಂಟು ಕಟ್ಟಿ ಗುಡ್ಡೆಗೆ ಎಸೆದರು. ಅವಳ ಸಂಕಟ ದೊಡ್ಡದು, ಕೂಗಿದ್ದು ತಪ್ಪೆಂದು ಹೇಳುವ ಬಾಯಿ ನನಗಿಲ್ಲ. ಆದರೆ ಗುಡ್ಡೆ ಇನ್ನಷ್ಟು ಬೆಳೆದದ್ದು ಹಾಗೆ.

ಬರಿದಾದ ಪಾತ್ರೆಯ ದುಃಖವನ್ನು ನಾನು ಹಿಲ್ಡಾ ಅವರ ಹತ್ತಿರ ಹೇಳಿಕೊಂಡಿದ್ದೆ. ಅವರು ಹಟ ಮುರಿದು ಬೇಲಿಯ ಹತ್ತಿರ ಹೋಗಿ ವೇಬರ್ ಅವರಿಗೆ ಹೇಳಿದರಂತೆ. ತಿಂಗಳುಗಟ್ಟಲೆ ಆದ ಮೇಲೆ ಅವರಿಬ್ಬರೂ ಆಡಿದ ಮೊದಲ ಮಾತು ಅದು. ಮಾರನೆಯ ದಿನ ಪಾತ್ರೆಯಲ್ಲಿ ಎರಡು ಮೊಟ್ಟೆ ಬಂದವು. ಅದರ ಮಾರನೆಯ ದಿನ ಒಂದು ಕಟ್ಟು ಕೆಂಪು ಮೂಲಂಗಿ. ಆಮೇಲೆ ಪಾತ್ರೆ ಒಂದು ದಿನವೂ ಬರಿದಾಗಿ ಬರಲಿಲ್ಲ.

ಊರಿನ ಸಭೆ

ಕಾರ್ಖಾನೆಯ ವಿಷಯಕ್ಕೆ ಊರಿನವರ ಸಭೆ ಸೇರಿತು. ನನ್ನ ಪಾತ್ರೆಯ ಕತೆ ಅಷ್ಟರಲ್ಲಿ ಊರಿಗೆಲ್ಲ ಹಬ್ಬಿತ್ತು. ನೀನು ಮಾತಾಡಲೇಬೇಕು ಎಂದು ಹಿಲ್ಡಾ ಹಟ ಹಿಡಿದರು. ನಾನು ತಮಿಳಿನಲ್ಲಿ ಹೇಳುವುದು, ಅವರು ಜರ್ಮನ್ನಿಗೆ ತಿರುಗಿಸುವುದು ಎಂದಾಯಿತು. ಬಂಗಾರಪೇಟೆಯ ಕನ್ನಡದವಳು ಜರ್ಮನಿಯಲ್ಲಿ ತಮಿಳು ಭಾಷಣ ಮಾಡಿದಳೆಂದರೆ ನಮ್ಮ ಸ್ಟಾಫ್ ರೂಮಿನಲ್ಲಿ ಇವತ್ತಿಗೂ ನಂಬುವವರಿಲ್ಲ.

ಎದ್ದು ನಿಂತೆ. ಹಿಲ್ಡಾ ನನ್ನ ಬೆನ್ನ ಮೇಲೆ ಕೈಯಿಟ್ಟು ಮೆಲ್ಲಗೆ, "ಭಯಪಡಾದೆಮ್ಮಾ, ಮೂಚ್ಚು ವಿಡು," ಎಂದರು. ಉಸಿರು ಬಿಟ್ಟೆ. ಹೇಳಿದೆ. ಕಲಗಚ್ಚು ಅಂದರೆ ಏನು, ಅದನ್ನು ಯಾರು ಕೂಡಿಡುತ್ತಾರೆ, ಯಾರು ಒಯ್ಯುತ್ತಾರೆ. ದಿನವೂ ಒಯ್ಯುವವರಿದ್ದರೆ ಅದು ನಾರುವುದಿಲ್ಲ, ಹಿಲ್ಡಾ ಅವರ ಮನೆಯಲ್ಲಿ ನಾರಿದ್ದು ಒಯ್ಯುವವರಿಲ್ಲದೆ ನಾನು ಕೂಡಿಟ್ಟದ್ದರಿಂದ. ಜನ ನಕ್ಕರು, ಚಪ್ಪಾಳೆ ತಟ್ಟಿದರು.

ಆಗ ಹಿಂದಿನ ಸಾಲಿನಿಂದ ವೇಬರ್ ಎದ್ದರು. ಅವರ ಪ್ರಶ್ನೆಯನ್ನು ಹಿಲ್ಡಾ ತಿರುಗಿಸಿ ಹೇಳಿದರು: "ಹಾಗಾದರೆ ನಿಮ್ಮ ಬೀದಿ ಬಹಳ ಶುದ್ಧವಾಗಿರಬೇಕು?"

ಹೌದು ಎಂದುಬಿಡಬಹುದಾಗಿತ್ತು. ಯಾರು ಬಂದು ನೋಡುತ್ತಾರೆ? ಆದರೆ ಪ್ಲಾಟ್‌ಫಾರಮ್ಮಿನಲ್ಲಿ ಸೆರಗಿನಿಂದ ಮುಖ ಒರೆಸುತ್ತಿದ್ದ ಮುನಿಯಕ್ಕ ಕಣ್ಣ ಮುಂದೆ ಬಂದಳು. ಗುಡ್ಡೆಯ ವಿಷಯ ಹೇಳಿದೆ. ಹಸುವಿನ ಹೊಟ್ಟೆಯಿಂದ ಬಂದದ್ದನ್ನು ಹೇಳಿದೆ. ನಾನು ವಾಪಸು ಹೋಗುವವರೆಗೆ ಮಾತ್ರ ಕಟ್ಟಿಹಾಕಿಕೊಂಡಿರುವ ಒಂದು ಕಡಸು ಇದೆ ಎಂದೂ ಹೇಳಿದೆ. ಹಿಲ್ಡಾ ಎಲ್ಲವನ್ನೂ ಜರ್ಮನ್ನಿಗೆ ತಿರುಗಿಸಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ವೇಬರ್ ನಿಂತೇ ಇದ್ದರು. ಮತ್ತೇನೋ ಅಂದು ಕೂತರು. ಹಿಲ್ಡಾ ಅದನ್ನು ತಿರುಗಿಸಲು ಹಿಂಜರಿದರು. ನಾನು ಬಿಡಲಿಲ್ಲ.

"ಹಾಗಿದ್ದರೆ ಇಲ್ಲಿ ನಿಂತು ನಮಗೆ ಯಾಕೆ ಹೇಳುತ್ತಿದ್ದೀರಿ, ಅಲ್ಲಿ ಹೋಗಿ ಹೇಳಿ ಅಂದರು."

ಮನೆಗೆ ಹೋಗುವ ದಾರಿಯಲ್ಲೆಲ್ಲ ಮಫ್ಲರಿನೊಳಗೆ ಮುಖ ಹುದುಗಿಸಿಕೊಂಡು ಅತ್ತೆ. ಅವಮಾನಕ್ಕಿಂತ ಹೆಚ್ಚಾಗಿ, ಆ ಮಾತು ನಿಜವೆಂದು ಅಳು ಬಂತು.

ಮಾರನೆಯ ದಿನವೇ ನಾನು ಹೊರಡುವುದಿತ್ತು. ಬೆಳಿಗ್ಗೆ ವೇಬರ್ ಬಾಗಿಲಿಗೆ ಬಂದರು. ಅವರ ಕೈಯಲ್ಲಿ ನೀಲಿ ಬಣ್ಣದ ಒಂದು ಬಕೆಟ್ಟಿತ್ತು. ದಂತವರ್ಣದ ಅಂಚು, ಗಟ್ಟಿಯಾಗಿ ಕೂರುವ ಮುಚ್ಚಳ, ಅಲ್ಲಲ್ಲಿ ಎನಾಮಲ್ ಎದ್ದ ಕಪ್ಪು ಕಲೆಗಳು. ಅದು ಅವರ ತಾಯಿಯದಂತೆ. ಯುದ್ಧದ ಕಾಲದಲ್ಲಿ ಆಕೆ ಅದನ್ನು ಹಿಡಿದುಕೊಂಡು ಬೀದಿಯ ಮನೆಗಳಿಂದ ಸಿಪ್ಪೆ ತಂದು ಹಂದಿ ಸಾಕುತ್ತಿದ್ದಳಂತೆ. ಹೊಟ್ಟೆ ತುಂಬಿದ ಕಾಲ ಬಂದ ಮೇಲೆ ಊರಿಗೆ ಅದು ಮರೆತುಹೋಯಿತು. "ನಿನ್ನೆ ಟಿಕೆಟ್ ಕೇಳುವವನ ಹಾಗೆ ಮಾತಾಡಿದೆ. ಅದು ನನ್ನ ಹಳೇ ಚಾಳಿ. ಆದರೆ ನೀವು ಸುಳ್ಳು ಹೇಳಲಿಲ್ಲ. ಇದನ್ನು ಆ ಹಸುವಿನ ಹೆಂಗಸಿಗೆ ಕೊಡಿ," ಎಂದರು. ಕಾರ್ಖಾನೆಯ ಸಹಿ ವಾಪಸು ತೆಗೆದುಕೊಳ್ಳುತ್ತೀರಾ ಎಂದು ಹಿಲ್ಡಾ ಕೇಳಿದ್ದಕ್ಕೆ ಇನ್ನೂ ಯೋಚಿಸಬೇಕು ಎಂದು ಮುಖ ಗಂಟಿಕ್ಕಿದರು.

ಮುಚ್ಚಳ ತೆಗೆದು ನೋಡಿದೆ. ದಾರಿಗೆಂದು ಬೇಯಿಸಿದ ಮೊಟ್ಟೆಗಳಿದ್ದವು. ನಾನು ಎರಡೂ ಕೈ ಮುಗಿದೆ. ಅವರಿಗೆ ಏನು ಮಾಡಬೇಕೋ ತಿಳಿಯದೆ ತಲೆಯ ಮೇಲಿನ ಟೋಪಿ ತೆಗೆದು ಮತ್ತೆ ಹಾಕಿಕೊಂಡರು.

ಮದ್ರಾಸಿನ ಕಸ್ಟಮ್ಸ್

"ಗೋಲ್ಡ್ ಏನಾದರೂ ತಂದಿದ್ದೀರಾ?" ಎಂದು ಕೇಳಿದ ಕಸ್ಟಮ್ಸ್ ಅಧಿಕಾರಿ, ಬಕೆಟ್ಟಿನ ಮೇಲೆ ಕಣ್ಣಿಟ್ಟೇ.

"ನಾನು ಕೆ.ಜಿ.ಎಫ್. ಪಕ್ಕದವಳು ಸಾರ್. ಚಿನ್ನ ತರೋದಕ್ಕೆ ಅಷ್ಟು ದೂರ ಹೋಗ್ಬೇಕಾ?" ಎಂದೆ.

ಅವನು ನಗಲಿಲ್ಲ. ಮುಚ್ಚಳ ತೆಗೆದ. ಒಳಗೆ ಮೊಟ್ಟೆಯ ಚಿಪ್ಪುಗಳಿದ್ದವು. ವಿಮಾನದಲ್ಲಿ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುತ್ತಿದ್ದರು. ಮೂರು ವಾರ ಹಿಲ್ಡಾ ಅವರ ಮನೆಯಲ್ಲಿದ್ದ ನನ್ನ ಕೈಗೆ ಅದರಲ್ಲಿ ಹಾಕಲು ಮನಸ್ಸು ಬರಲಿಲ್ಲ. ಅಧಿಕಾರಿ ಚಿಪ್ಪುಗಳನ್ನು ಕೆದಕಿ, ಬಕೆಟ್ಟಿನ ತಳ ತಟ್ಟಿ, ಮೂಸಿ ನೋಡಿ, "ಇದೇನಮ್ಮ ಇದು?" ಎಂದ. ದನದ ಕಲಗಚ್ಚಿಗೆ ಎಂದಾಗ ಮುಚ್ಚಳ ಹಾಕಿ, ಹೋಗಿ ಎಂದು ಕೈ ಬೀಸಿದ.

ಮತ್ತೆ ನಮ್ಮ ಬೀದಿ

ಮನೆಗೆ ಬಂದವಳು ಪೆಟ್ಟಿಗೆಯನ್ನೂ ಇಳಿಸದೆ ಮುನಿಯಕ್ಕನ ಕೊಟ್ಟಿಗೆಗೆ ಹೋದೆ. ಗೂಟ ಇತ್ತು, ಹಗ್ಗ ಇರಲಿಲ್ಲ, ಗೌರಿ ಇರಲಿಲ್ಲ. "ಮೇವು ಮುಗೀತು ಅಂತ ಮೊನ್ನೆ ಬೆಳಿಗ್ಗೆ ಸಂತೆಗೆ ಹೊಡ್ಕೊಂಡು ಹೋದ್ಲು ಕಣೇ. ನಾನೂ ಹೇಳಿ ನೋಡ್ದೆ," ಎಂದರು ಯಜಮಾನರು. ಬಕೆಟ್ಟನ್ನು ಪಕ್ಕದಲ್ಲಿಟ್ಟುಕೊಂಡು ಜಗಲಿಯ ಮೇಲೆ ಕೂತುಬಿಟ್ಟೆ.

ಸಂಜೆ ಬೂದಿಕೋಟೆ ಬಸ್ಸಿನಲ್ಲಿ ಮುನಿಯಕ್ಕ ಬಂದಿಳಿದಳು.

"ಸಂತೆಗೇ ಓದೆ ಟೀಚರಮ್ಮ. ಒಬ್ಬ ಬಂದು ಗೌರೀದು ಬಾಯ್ ತೆಗ್ದು ಅಲ್ಲು ನೋಡ್ದ. ಕಟ್ಟಿದ್ ಅಗ್ಗ ಅವ್ನಿಗೆ ಕೊಡಾಕೆ ಕೈಯೇ ಬರ್ಲಿಲ್ಲ. ಬೂದಿಕೋಟೇಲಿ ನನ್ ತಮ್ಮನ್ ಮನೇಲಿ ಕಟ್ಟಿ ಬಂದೆ. ಅವ್ನತ್ರಾನೂ ಮೇವಿಲ್ಲ, ನಾಲ್ಕು ದಿನ ಇಟ್ಕೊಂತಾನೆ, ಅಷ್ಟೇಯ. ನೀನೇನ್ ತಂದೆ, ಅದ್ ಏಳು."

ಬಕೆಟ್ಟನ್ನು ಮುಂದಿಟ್ಟೆ.

"ಇಷ್ಟೇನಾ?"

ಕತೆಯನ್ನೆಲ್ಲ ಹೇಳಿದೆ. ಪಾತ್ರೆ, ಕೋಳಿ, ಮುಚ್ಚಳದ ಮೇಲಿನ ಕ್ಲಿಪ್ಪು, ರೈಲಿನ ತಾತ. ಅವಳಿಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. "ಅಲ್ಲಮ್ಮ, ಕಲಗಚ್ಚು ನಮ್ದೇ, ದನಕ್ ಕುಡ್ಸೋ ಬಕೀಟು ನಮ್ಮೂರಾಗೂ ಸಿಕ್ತದೆ. ಇದಕ್ಕೆ ಇಮಾನ ಯಾಕ್ ಅತ್ತಬೇಕಿತ್ತು?" ಎಂದಳು. ನನ್ನ ಯಜಮಾನರಿಗಂತೂ ಕೊರಗೇ ಹತ್ತಿತು. ಫಾರಿನ್ನಿಂದ ಜನ ಟೇಪ್‌ರೆಕಾರ್ಡರು ತಂದರೆ ಇವಳು ಮುಸುರೆ ಬಕೆಟ್ಟು ತಂದಳಲ್ಲ ಎಂದು.

ಆದರೆ ಆ ಬಕೆಟ್ಟನ್ನು ನೋಡಲು ಬೀದಿಯ ಹೆಂಗಸರೆಲ್ಲ ಬಂದರು. ಮುಟ್ಟಿದರು, ಮುಚ್ಚಳ ತೆಗೆದು ಹಾಕಿ ನೋಡಿದರು, ಎಷ್ಟು ಗಟ್ಟಿಯಾಗಿ ಕೂರುತ್ತದೆಂದು ಬೆರಗಾದರು. ಮುನಿಯಕ್ಕನ ಹಳೇ ತಗಡಿನ ಡಬ್ಬಕ್ಕೆ ಬಾಗಿಲು ಹಾಕಿಕೊಂಡವರು ಫಾರಿನ್ ಬಕೆಟ್ಟು ಬಾಗಿಲಿಗೆ ಬರುತ್ತದೆಂದರೆ ಬೇಡ ಎನ್ನಲಿಲ್ಲ. ಮುತ್ತಜ್ಜಿಯ ಕಾಲದ ಪದ್ಧತಿ ನಮ್ಮ ಬೀದಿಗೆ ವಾಪಸು ಬರಬೇಕಾದರೆ ಪಾಸ್‌ಪೋರ್ಟು ತೋರಿಸಿಯೇ ಬರಬೇಕಾಯಿತು. ಎಲ್ಲರೂ ಹಳೇ ವನಸ್ಪತಿ ಡಬ್ಬಕ್ಕೆ ಮುಚ್ಚಳ ಹುಡುಕಿ ಮೂಲೆಯಲ್ಲಿಟ್ಟರು.

ನಾನು ಮುನಿಯಕ್ಕನಿಗೆ ಹಾಕಿದ ಷರತ್ತು ಒಂದೇ: ಕವರು ಕಂಡರೆ ಕೂಗಬಾರದು. ಕವರನ್ನು ಮೇಲಿಟ್ಟು ಡಬ್ಬ ವಾಪಸು ಕೊಟ್ಟು ಬರಬೇಕು.

"ಬಾಯ್ ಕಟ್ಕೊಂಡು ಬದ್ಕು ಅಂತೀಯ," ಎಂದಳು.

ಮೊದಲ ಬೆಳಿಗ್ಗೆ ಅವಳ ಜೊತೆ ನಾನೂ ಹೋದೆ. ಮೂಲೆಯ ಮನೆಯ ಸುಶೀಲಮ್ಮನಿಗೂ ಅವಳಿಗೂ ಹಸು ಸತ್ತಾಗ ದೊಡ್ಡ ಜಗಳವಾಗಿತ್ತು. ಸುಶೀಲಮ್ಮ ಕೊಟ್ಟ ಡಬ್ಬದಲ್ಲಿ ಸಿಪ್ಪೆಯ ನಡುವೆ ದಿನಸಿಯ ಕವರೊಂದು ಹೊಳೆಯಿತು. ಮುನಿಯಕ್ಕನ ಕತ್ತಿನ ನರ ಉಬ್ಬಿತು. ನನ್ನ ಮುಖ ನೋಡಿದಳು. ಆಮೇಲೆ ಎರಡು ಬೆರಳಲ್ಲಿ ಕವರನ್ನು ಎಳೆದು, ಮುಚ್ಚಳದ ಮೇಲೆ ಹರಡಿ, ಡಬ್ಬವನ್ನು ಹೊಸಲ ಮೇಲಿಟ್ಟು ತಿರುಗಿದಳು. ಸುಶೀಲಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆ ತಯಾರಾಗಿ ನಿಂತಿದ್ದವಳು ಪೆಚ್ಚಾದಳು.

"ಏನ್ ಮುನಿಯಕ್ಕ, ಏನೂ ಅನ್ನಲ್ವಾ?"

"ಏನಿಲ್ಲಮ್ಮ. ನಾಳೆ ಬತ್ತೀನಿ."

ನಾವು ನಾಲ್ಕು ಮನೆ ದಾಟುವಷ್ಟರಲ್ಲಿ ಸುಶೀಲಮ್ಮ ಡಬ್ಬ ಹಿಡಿದುಕೊಂಡು ಹಿಂದೆಯೇ ಓಡಿ ಬಂದಳು. "ಇನ್ನೊಂದ್ಸಲ ನೋಡಕ್ಕ, ಎಲ್ಲಾ ತೆಗ್ದಿದೀನಿ," ಎಂದಳು. ಮುನಿಯಕ್ಕ ನೋಡಿ, ಬಕೆಟ್ಟಿಗೆ ಸುರಿದುಕೊಂಡಳು. ಆ ವಾರವೇ ಅವಳು ಬೂದಿಕೋಟೆಗೆ ಹೋಗಿ ಗೌರಿಯನ್ನು ಹೊಡೆದುಕೊಂಡು ಬಂದಳು.

ಗುಡ್ಡೆ ಒಂದೇ ಸಲಕ್ಕೆ ಹೋಗಲಿಲ್ಲ. ಹಸಿ ಬೀಳುವುದು ಕಡಿಮೆಯಾದ ಮೇಲೆ ನಾಯಿ, ದನ ಅತ್ತ ಸುಳಿಯುವುದು ನಿಂತಿತು. ಗುಜರಿಯವನು ತನಗೆ ಬೇಕಾದ್ದನ್ನು ಹೆಕ್ಕಿಕೊಂಡ. ಒಣಗಿ ಉಳಿದದ್ದನ್ನು ನೋಡಲು ಹೆಲ್ತ್ ಇನ್ಸ್‌ಪೆಕ್ಟರರನ್ನು ಕರೆದುಕೊಂಡು ಬಂದೆವು. ಅವರು ಕೊಟ್ಟ ಮಾತು ಉಳಿಸಿಕೊಂಡರು. ಗಾಡಿ ಬಂತು. ಈಗಲೂ ಹಬ್ಬದ ಮಾರನೆಯ ದಿನ ಅಲ್ಲಿ ಒಂದೆರಡು ಗಂಟು ಬೀಳುವುದುಂಟು. ಬಿದ್ದರೆ ಗೌರಿಯನ್ನು ಕಟ್ಟಿಹಾಕಿ, ನಾವಿಬ್ಬರೂ ಪೊರಕೆ ತೆಗೆದುಕೊಂಡು ಹೋಗುತ್ತೇವೆ.

ಎರಡನೆಯ ವರ್ಷ ಗೌರಿ ಈದಳು. ಕಲಗಚ್ಚು ಕೊಟ್ಟ ಮನೆಗಳಿಗೆಲ್ಲ ಗಿಣ್ಣು ಹೋಯಿತು. ಅಂದರೆ ಇಡೀ ಬೀದಿಗೆ. ನಮ್ಮ ಮನೆಗೆ ಮಾತ್ರ ಮುನಿಯಕ್ಕ ಎರಡು ಬಟ್ಟಲು ತಂದಳು.

"ಇದು ನಿಂದು. ಇದು ಆ ರೈಲಿನ ತಾತಂದು. ಅವ್ರ ಬಕೀಟು ನಮ್ತಾವೇ ಐತಲ್ಲ, ಖಾಲಿ ಎಂಗೆ ಇಟ್ಕಳಾದು?"

ಎರಡನೆಯ ಬಟ್ಟಲನ್ನು ನೋಡುತ್ತಾ ಕೂತೆ. ಬೆಲ್ಲದ ಬಣ್ಣ, ಏಲಕ್ಕಿಯ ವಾಸನೆ, ಇನ್ನೂ ಬೆಚ್ಚಗಿತ್ತು. ಒಂದು ಹಳೇ ಬಕೆಟ್ಟಿಗೆ, ಒಂದು ಬಿರುಸು ಮಾತಿಗೆ, ಬೆನ್ನ ಮೇಲಿಟ್ಟ ಒಂದು ಕೈಗೆ ನಾನು ಎಷ್ಟು ಋಣಿಯೆಂದು ಆಗ ತಿಳಿಯಿತು. ಯಜಮಾನರು ಬಟ್ಟಲನ್ನು ಎತ್ತಿ ಹಿಂದೆ ಮುಂದೆ ನೋಡಿ, ಗಿಣ್ಣು ದಾರಿಯಲ್ಲಿ ಕೆಡುವ ಸಾಮಾನು, ಪಾರ್ಸೆಲ್ ಬುಕ್ ಮಾಡಲಾಗುವುದಿಲ್ಲ ಎಂದು ತೀರ್ಪು ಕೊಟ್ಟರು.

ಆ ಸಂಜೆಯೇ ಹಿಲ್ಡಾ ಅವರಿಗೆ ಬರೆದೆ: ಪಕ್ಕದ ಮನೆಯವರಿಗೆ ಹೇಳಿ, ಗೌರಿ ಹೆಣ್ಣು ಕರು ಹಾಕಿದ್ದಾಳೆ. ಬಕೆಟ್ಟು ಬರಿದಾಗಿಲ್ಲ. ಅವರ ಪಾಲಿನ ಗಿಣ್ಣನ್ನು ಇಲ್ಲಿಯ ರೈಲ್ವೆಯವರೊಬ್ಬರು ಅವರ ಹೆಸರಿನಲ್ಲಿ ತಿಂದರು, ಬಹಳ ಚೆನ್ನಾಗಿತ್ತಂತೆ.